ಎಡಕ್ಕೆ ತಿರುಗಿದರೆ ಹಾರ್ನ್ ಕೂಗುವ ಬೈಕು: ಎತ್ತರದ ಹ್ಯಾಂಡಲ್‌ಗೆ ವೈರ್ ಉದ್ದ ಮಾಡುವ ಬಗೆ

ಜಕ್ಕನಹಳ್ಳಿ ದಾಟಿ ಮೇಲುಕೋಟೆ ಬೆಟ್ಟದ ತಿರುವುಗಳು ಶುರುವಾಗುತ್ತಿದ್ದ ಹಾಗೆ ನನ್ನ ಬೈಕು ತನ್ನಷ್ಟಕ್ಕೆ ಹಾರ್ನ್ ಹೊಡೆಯತೊಡಗಿತು. ಎಡಕ್ಕೆ ತಿರುಗಿಸಿದರೆ ಕೂಗು, ನೇರ ಮಾಡಿದರೆ ಗಪ್‌ಚುಪ್. ಮುಂದಿದ್ದ ಟೆಂಪೋದವನು ಎರಡು ಸಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೂರನೇ ಸಲ ತಲೆ ಹೊರಗೆ ಹಾಕಿ ಏನೋ ಅಂದ. ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ, ಕೇಳಿಸದಿದ್ದದ್ದೇ ಒಳ್ಳೆಯದಾಯ್ತು. ವಾಪಸ್ ಬರುವಾಗ ಕತ್ತಲಾಗಿತ್ತು. ಆಗ ಹೆಡ್‌ಲೈಟ್ ಕೂಡ ಮಿಣುಕಲು ಶುರು ಮಾಡಿತು.

ಮಾರನೇ ದಿನ ಮಂಡ್ಯದಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹಿರಿಯರೊಬ್ಬರು ಡೂಮ್, ಅಂದರೆ ಹೆಡ್‌ಲೈಟಿನ ಗುಂಡನೆಯ ಕವಚ, ಬಿಚ್ಚಿ ನೋಡಿ ನಕ್ಕರು. “ಏನಪ್ಪ ಇದು, ಅಂಬಡೆ ಕಟ್ಟಿಟ್ಟಿದ್ದೀಯಲ್ಲ!” ಅಂದರು. ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ, ಆ ಅಂಬಡೆ ನನ್ನದೇ ಕೈಕೆಲಸ. ಐದು ಇಂಚು ಎತ್ತರದ ಹ್ಯಾಂಡಲ್ ಹಾಕಿದ್ದೆ. ಸ್ವಿಚ್‌ಗಳ ವೈರ್ ಸಾಲದೇ ಬಂದಾಗ ಎಲ್ಲವನ್ನೂ ಒಂದೇ ಕಡೆ ಕತ್ತರಿಸಿ, ತುಂಡು ಸೇರಿಸಿ, ಸುಮ್ನೆ ತಿರುಚಿ ಟೇಪ್ ಸುತ್ತಿದ್ದೆ. ಅಷ್ಟೂ ಗಂಟುಗಳು ಸ್ಟೀರಿಂಗ್ ಕತ್ತಿನ ಹತ್ತಿರವೇ ಕೂತಿದ್ದವು. ಹ್ಯಾಂಡಲ್ ಪ್ರತಿ ಸಲ ತಿರುಗಿದಾಗಲೂ ಮಡಚುವ ಜಾಗ ಅದು.

ಹಾರ್ನ್ ಯಾಕೆ ಕೂಗಿತು ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಕಲಿತ ಹಾಗೆ. ಬಹಳಷ್ಟು ಬೈಕುಗಳಲ್ಲಿ ಹಾರ್ನ್‌ಗೆ ಪ್ಲಸ್ ಯಾವಾಗಲೂ ಇರುತ್ತದೆ. ಬಟನ್ ಒತ್ತಿದಾಗ ಅರ್ತ್ ಸಿಗುತ್ತದೆ, ಹಾರ್ನ್ ಕೂಗುತ್ತದೆ. ನನ್ನ ಗಂಟಿನಿಂದ ತಾಮ್ರದ ಒಂದೇ ಒಂದು ಎಳೆ ಟೇಪ್ ಚುಚ್ಚಿಕೊಂಡು ಹೊರಗೆ ಬಂದಿತ್ತು. ಎಡಕ್ಕೆ ತಿರುಗಿದಾಗ ಗಂಟು ಚಾಸಿಗೆ ಒತ್ತುತ್ತಿತ್ತು, ಆ ಎಳೆಗೆ ಅಲ್ಲೇ ಅರ್ತ್ ಸಿಗುತ್ತಿತ್ತು. ಬಟನ್ ಮಾಡುವ ಕೆಲಸವನ್ನು ಚಾಸಿಯೇ ಮಾಡುತ್ತಿತ್ತು ಅಷ್ಟೇ. ಅದು ಹಾರ್ನ್ ವೈರ್ ಆಗಿದ್ದದ್ದು ನನ್ನ ಪುಣ್ಯ. ಹೆಡ್‌ಲೈಟ್‌ಗೆ ಪ್ಲಸ್ ಕೊಡುವ ವೈರ್ ಹೀಗೆ ಚಾಸಿಗೆ ತಾಗಿದ್ದರೆ ಬೆಟ್ಟದ ತಿರುವಿನಲ್ಲಿ ಫ್ಯೂಸ್ ಹಾರಿ ಬೈಕ್ ಕುರುಡಾಗುತ್ತಿತ್ತು.

ವೈರ್ ಉದ್ದ ಮಾಡುವುದು ಕಷ್ಟದ ಕೆಲಸವಲ್ಲ. ಜಾಯಿಂಟ್ ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಆಮೇಲೆ ಇದನ್ನು ಮೂರು ಬೈಕಿಗೆ ಮಾಡಿದ್ದೇನೆ, ಒಂದೂ ಕೈಕೊಟ್ಟಿಲ್ಲ. ಈಗ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಕತ್ತರಿ ಎತ್ತಿಕೊಳ್ಳುವ ಮುಂಚೆ

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿ ಕೊಟ್ಟ ರೂಪದಿಂದ ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ ಬೀಳಬಹುದು, ಜೈಲಿನ ಮಾತೂ ಅದರಲ್ಲಿದೆ. ಹಾಗಾಗಿ ಕಂಪನಿಯೇ ಆಕ್ಸೆಸರಿ ಅಂತ ಮಾರುವ ಹ್ಯಾಂಡಲ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಆರ್‌ಟಿಒದಲ್ಲಿ ಒಮ್ಮೆ ಕೇಳಿ. ಹಳೆಯ ಹ್ಯಾಂಡಲ್ಲನ್ನು ಮಾತ್ರ ಗುಜರಿಗೆ ಹಾಕಬೇಡಿ, ಅಟ್ಟದ ಮೇಲೆ ಇಡಿ.

ಇನ್ನು ಹ್ಯಾಂಡಲ್ ಕೊಳ್ಳುವಾಗ ದಪ್ಪ ನೋಡಿ. ನಮ್ಮಲ್ಲಿನ ಹೆಚ್ಚಿನ ಬೈಕುಗಳ ಹ್ಯಾಂಡಲ್ 22 ಮಿ.ಮೀ. ಇರುತ್ತದೆ. ದಪ್ಪ ಬೇರೆ ಆದರೆ ಕ್ಲಾಂಪು, ಸ್ವಿಚ್ಚು, ಗ್ರಿಪ್ಪು ಯಾವುದೂ ಕೂರುವುದಿಲ್ಲ.

ತಂದ ಹ್ಯಾಂಡಲ್ಲನ್ನು ಸುಮ್ನೆ ಕೂರಿಸಿ, ಕ್ಲಾಂಪ್ ಅರ್ಧ ಬಿಗಿ ಮಾಡಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಪೂರ್ತಿ ಲಾಕ್ ಆಗುವವರೆಗೆ ತಿರುಗಿಸಿ ನೋಡಿ. ಈಗ ಡೂಮ್ ಬಿಚ್ಚಿ. ಒಳಗೆ ಮಡಚಿ ತುರುಕಿದ ವೈರ್ ಎಷ್ಟಿದೆ ನೋಡಿ. ಟ್ಯಾಂಕಿನ ಕೆಳಗೆ ಕಟ್ಟಿರುವ ಕ್ಲಿಪ್ಪು ಬಿಚ್ಚಿದರೆ ಇನ್ನೆರಡು ಇಂಚು ಮುಂದೆ ಬರುವುದೂ ಉಂಟು. ಎರಡು ಮೂರು ಇಂಚಿನ ಎತ್ತರಕ್ಕೆ ಎಷ್ಟೋ ಸಲ ದಾರಿ ಬದಲಿಸಿದರೆ ಸಾಕು, ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಕಂಪನಿಯ ವೈರ್ ಕತ್ತರಿಸದೇ ಇರುವುದಕ್ಕಿಂತ ಒಳ್ಳೆಯ ಜಾಯಿಂಟ್ ಇಲ್ಲ.

ಈ ಹಂತದಲ್ಲೇ ಬೇರೆ ಮೂರನ್ನೂ ನೋಡಿಬಿಡಿ: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್. ಇವು ಸಾಲದಿದ್ದರೆ ಉದ್ದದ್ದನ್ನೇ ತರಬೇಕು. ಬ್ರೇಕ್ ಹೋಸ್‌ಗೆ ತುಂಡು ಸೇರಿಸುತ್ತೇನೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಹೊಸ ಹೋಸ್ ಹಾಕಿ, ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನ ಆಯಿಲ್ ತುಂಬಿ, ಗಾಳಿ ಪೂರ್ತಿ ತೆಗೆಸಬೇಕು. ಎಬಿಎಸ್ ಇರುವ ಗಾಡಿಯಾದರೆ ಆ ಕೆಲಸ ಗೊತ್ತಿರುವವರಿಗೇ ಕೊಡಿ. ಅಂದಹಾಗೆ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿರಿ.

ಕೆಲವು ಹೊಸ ಬೈಕುಗಳಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ಲೇ ಇರುವುದಿಲ್ಲ. ಗ್ರಿಪ್ಪಿನಲ್ಲಿರುವ ಸೆನ್ಸರ್‌ನಿಂದ ವೈರ್ ಹೋಗುತ್ತದೆ. ಅದಕ್ಕೆ ಕತ್ತರಿ ಹಾಕಲೇಬೇಡಿ. ಅಲ್ಲಿ ಓಡುವುದು ಸಣ್ಣ ವೋಲ್ಟೇಜಿನ ಸಿಗ್ನಲ್. ಜಾಯಿಂಟ್ ಚೂರು ಸಡಿಲವಾದರೂ ಇಂಜಿನ್ನಿಗೆ ತಪ್ಪು ಲೆಕ್ಕ ಹೋಗುತ್ತದೆ. ಆ ಮಾಡೆಲ್‌ಗೇ ಮಾಡಿದ ಎಕ್ಸ್‌ಟೆನ್ಷನ್ ಸಿಕ್ಕರೆ ಸರಿ, ಇಲ್ಲದಿದ್ದರೆ ಎತ್ತರದ ಹ್ಯಾಂಡಲ್ ಆಸೆ ಬಿಡಿ.

ಅಳತೆಗೆ ಗೋಣಿದಾರ

ಹ್ಯಾಂಡಲ್ ಐದು ಇಂಚು ಎತ್ತರ, ಹಾಗಾದರೆ ವೈರ್ ಐದು ಇಂಚು ಜಾಸ್ತಿ, ಅಲ್ವಾ? ಅಲ್ಲ. ಹ್ಯಾಂಡಲ್ ಅಗಲವೂ ಆಗಿರುತ್ತದೆ, ಹಿಂದಕ್ಕೂ ಬಾಗಿರುತ್ತದೆ. ನನ್ನದಕ್ಕೆ ಏಳೂವರೆ ಇಂಚು ಬೇಕಾಯಿತು.

ಲೆಕ್ಕ ಹಾಕುವುದಕ್ಕಿಂತ ದಾರ ಹಿಡಿಯುವುದು ಸುಲಭ. ಸ್ವಿಚ್ ಕೂರುವ ಜಾಗದಲ್ಲಿ ದಾರದ ತುದಿ ಅಂಟಿಸಿ, ವೈರ್ ಹೋಗಬೇಕಾದ ದಾರಿಯಲ್ಲೇ ಹ್ಯಾಂಡಲ್ ಗುಂಟ ಇಳಿಸಿ, ಡೂಮಿನೊಳಗಿನ ಕಪ್ಲರ್‌ವರೆಗೆ (ವೈರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಪ್ಲಗ್) ತನ್ನಿ. ಈಗ ಎರಡೂ ಕಡೆ ಲಾಕ್ ಮಾಡಿ ನೋಡಿ. ಯಾವ ಕಡೆ ದಾರ ಜಾಸ್ತಿ ಎಳೆಯುತ್ತದೋ ಆ ಅಳತೆ ಹಿಡಿಯಿರಿ. ಮೇಲೆ ಒಂದೂವರೆ ಇಂಚು ಬಿಡಿ, ಸಾಕು. ಇನ್ನೂ ಜಾಸ್ತಿ ಇರಲಿ ಅಂತ ಅರ್ಧ ಅಡಿ ಬಿಟ್ಟರೆ ಡೂಮಿನೊಳಗೆ ಶಾವಿಗೆ ತುಂಬಿದ ಹಾಗಾಗುತ್ತದೆ, ಬಲ್ಬ್ ಹಿಂದಕ್ಕೆ ಕೂರುವುದಿಲ್ಲ.

ದಾರ ಹಿಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಸ್ಟೀರಿಂಗ್ ಕತ್ತಿಗೆ ಅಂಟಿಕೊಂಡ ಹಾಗೆ ಹೋದ ದಾರ ಹ್ಯಾಂಡಲ್ ತಿರುಗಿದಾಗ ಹೆಚ್ಚೇನೂ ಎಳೆಯುವುದಿಲ್ಲ. ಒಂದು ಗೇಣು ದೂರ ಹೋದ ದಾರ ಸಿಕ್ಕಾಪಟ್ಟೆ ಎಳೆಯುತ್ತದೆ. ಬಾಗಿಲಿನ ಹಿಂಜಿನ ಹತ್ತಿರ ಕೈಯಿಟ್ಟು ನೋಡಿ, ಹಿಡಿಯ ಹತ್ತಿರ ಇಟ್ಟು ನೋಡಿ, ಅದೇ ಲೆಕ್ಕ. ವೈರ್ ಕಟ್ಟನ್ನು ಕತ್ತಿಗೆ ಎಷ್ಟು ಹತ್ತಿರ ಒಯ್ಯುತ್ತೀರೋ ಅಷ್ಟು ಆಯಸ್ಸು.

ಯಾವ ವೈರ್?

ಮನೆ ವೈರಿಂಗಿನಲ್ಲಿ ಉಳಿದ ತುಂಡು ಬೇಡ. ಒಂದೇ ಕಂಬಿಯ ಗಟ್ಟಿ ವೈರ್ ಆದರಂತೂ ಕತ್ತಿನ ಹತ್ತಿರ ನಾಲ್ಕು ದಿನಕ್ಕೆ ಮುರಿಯುತ್ತದೆ. ಸಣ್ಣ ಸಣ್ಣ ತಾಮ್ರದ ಎಳೆಗಳಿರುವ ಆಟೋ ವೈರ್ ಕೇಳಿ. ಟ್ರ್ಯಾಕ್ಟರ್, ಲಾರಿ ವೈರಿಂಗ್ ಮಾಡುವವರ ಹತ್ತಿರ ಒಳ್ಳೆಯದು ಇರುತ್ತದೆ. ಇಂಡಿಕೇಟರ್, ಹಾರ್ನ್ ಬಟನ್, ಕ್ಲಚ್ ಸ್ವಿಚ್‌ಗೆ 0.5 ಸ್ಕ್ವೇರ್ ಎಂಎಂ ಸಾಕು. ಹೆಡ್‌ಲೈಟ್, ಡಿಪ್ಪರ್ ವೈರಿಗೆ 0.75 ಅಥವಾ 1. ಅನುಮಾನ ಬಂದರೆ ಕಂಪನಿ ವೈರಿನ ತಾಮ್ರದ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ತೆಳ್ಳಗಿರಬಾರದು.

ವೈರ್ ಉದ್ದವಾದರೆ ಲೈಟ್ ಡಿಮ್ ಆಗುತ್ತದೆ ಅಂತ ಹೆದರಿಸುವವರಿದ್ದಾರೆ. ಲೆಕ್ಕ ನೋಡಿ. 12 ವೋಲ್ಟ್ ಬೈಕಿನಲ್ಲಿ 60 ವಾಟ್ ಬಲ್ಬ್ 5 ಆಂಪ್ಸ್ ಎಳೆಯುತ್ತದೆ. 0.75ರ ಒಂದಡಿ ತಾಮ್ರದ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ಕಳೆದುಹೋಗುವುದು ಸುಮಾರು 0.035 ವೋಲ್ಟ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಡಿಮ್ ಮಾಡುವುದು ಕೆಟ್ಟ ಜಾಯಿಂಟ್. ಪಾಚಿ ಹಿಡಿದ ಒಂದೇ ಒಂದು ಗಂಟು ಅದರ ಹತ್ತರಷ್ಟು ತಿನ್ನಬಲ್ಲದು.

ಹಳೆಯ 6 ವೋಲ್ಟ್ ಗಾಡಿಯ ಮಾತು ಬೇರೆ. ನಮ್ಮ ಮೈಸೂರಿನಲ್ಲಿ ಅಂಥವು ಇನ್ನೂ ಓಡುತ್ತಿವೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಹೊರಗೆ ಬಿಟ್ಟ ಜಾಗವಲ್ವಾ. 6 ವೋಲ್ಟಿನಲ್ಲಿ 35 ವಾಟ್ ಬಲ್ಬೇ ಸುಮಾರು 6 ಆಂಪ್ಸ್ ಎಳೆಯುತ್ತದೆ. ಮೊದಲೇ ಕಡಿಮೆ ಇರುವ ವೋಲ್ಟೇಜಿನಲ್ಲಿ ಚೂರು ಕಳೆದರೂ ಬೆಳಕು ಕೆಂಪಾಗುತ್ತದೆ. ಅಂಥ ಗಾಡಿಗೆ ಹೆಡ್‌ಲೈಟ್ ವೈರ್ 1.5 ಹಾಕಿ.

ಕತ್ತರಿಸದೇ ಮಾಡುವ ದಾರಿ

ನನ್ನ ಬೈಕಿನಲ್ಲಿ ಎಡ ಸ್ವಿಚ್‌ನಿಂದ ಎಂಟು ವೈರ್, ಬಲದಿಂದ ಆರು. ಒಂದು ವೈರ್ ಕತ್ತರಿಸಿ ನಡುವೆ ತುಂಡು ಸೇರಿಸಿದರೆ ಎರಡು ಜಾಯಿಂಟ್ ಆಗುತ್ತದೆ. 14 ವೈರಿಗೆ 28. ಅದರಲ್ಲಿ ಒಂದು ಕೆಟ್ಟರೂ ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ.

ಅದರ ಬದಲು ಎಕ್ಸ್‌ಟೆನ್ಷನ್ ಮಾಡಿ. ಮನೆಯಲ್ಲಿ ಟಿವಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕುತ್ತೇವಲ್ಲ, ಹಾಗೆ. ಸ್ವಿಚ್ಚಿನ ಕಪ್ಲರ್ ಬಿಚ್ಚಿ, ಅದೇ ನಮೂನೆಯ ಗಂಡು ಹೆಣ್ಣು ಕಪ್ಲರ್ ಜೋಡಿ ತನ್ನಿ. ಹಳೆಯದನ್ನು ಬಿಚ್ಚಿಕೊಂಡು ಹೋಗಿ ತೋರಿಸಿದರೆ ಅಂಗಡಿಯವರೇ ಹುಡುಕಿ ಕೊಡುತ್ತಾರೆ, ಬಾಯಲ್ಲಿ ವರ್ಣಿಸಿದರೆ ಬೇರೆಯದೇ ಬರುತ್ತದೆ. ಎರಡರ ನಡುವೆ ಬೇಕಾದಷ್ಟು ಉದ್ದದ ವೈರ್ ಹಾಕಿ ಪಿನ್ನುಗಳನ್ನು ಕ್ರಿಂಪ್ ಮಾಡಿ, ಅಂದರೆ ವೈರಿನ ತುದಿಗೆ ಒತ್ತಿ ಕಚ್ಚಿಸಿ. ಕಂಪನಿ ವೈರ್ ಹಾಗೇ ಉಳಿಯುತ್ತದೆ. ನಾಳೆ ಹಳೆ ಹ್ಯಾಂಡಲ್ ಬೇಕೆನಿಸಿದರೆ ಎಕ್ಸ್‌ಟೆನ್ಷನ್ ಕಿತ್ತು ಇಟ್ಟರಾಯ್ತು.

ಪಿನ್ ಕ್ರಿಂಪ್ ಮಾಡುವುದಕ್ಕೆ ಅದರದ್ದೇ ಇಕ್ಕಳ ಇದೆ. ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಬೇಡಿ. ಪಿನ್ನಿಗೆ ಎರಡು ಜೊತೆ ಕಿವಿಗಳಿರುತ್ತವೆ. ಮುಂದಿನ ಜೊತೆ ಬರಿಯ ತಾಮ್ರವನ್ನು ಹಿಡಿಯಬೇಕು, ಹಿಂದಿನದು ಪ್ಲಾಸ್ಟಿಕ್ ಸಮೇತ ಹಿಡಿಯಬೇಕು. ಹಿಂದಿನದನ್ನು ಬಿಟ್ಟರೆ ಅದುರುವ ಭಾರವೆಲ್ಲ ತಾಮ್ರದ ಮೇಲೆ ಬೀಳುತ್ತದೆ. ಕ್ರಿಂಪ್ ಆದ ಮೇಲೆ ವೈರ್ ಹಿಡಿದು ಗಟ್ಟಿಯಾಗಿ ಎಳೆಯಿರಿ. ಬಂದುಬಿಟ್ಟರೆ ಈಗಲೇ ಬರಲಿ.

ಬಣ್ಣ ಬಣ್ಣದ ವೈರ್ ತಂದರೆ ಒಳ್ಳೆಯದು. ಒಂದೇ ಬಣ್ಣ ಸಿಕ್ಕರೆ ಎರಡೂ ತುದಿಗೆ ಕಾಗದದ ಚೀಟಿ ಅಂಟಿಸಿ ನಂಬರ್ ಬರೆಯಿರಿ. ಕಪ್ಲರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೋ ತೆಗೆದಿಡಿ. ಗಂಡು ಕಪ್ಲರನ್ನು ಎದುರಿಂದ ನೋಡಿದಾಗ ಎಡ ಬಲ ಅದಲು ಬದಲಾಗುತ್ತದೆ, ನಾನು ಅಲ್ಲೇ ಒಮ್ಮೆ ಎಡವಿದ್ದೇನೆ. ಎಡ ಇಂಡಿಕೇಟರ್ ಒತ್ತಿದರೆ ಬಲದ್ದು ಮಿಣುಕುತ್ತಿತ್ತು.

ಮೇಜಿನ ಮೇಲಿರುವಾಗಲೇ ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಪರೀಕ್ಷೆ ಮಾಡಿ. ಒಂದನೇ ಪಿನ್ನಿನಿಂದ ಆ ತುದಿಯ ಒಂದನೇ ಪಿನ್ನಿಗೆ ಬೀಪ್ ಬರಬೇಕು, ಪಕ್ಕದ್ದಕ್ಕೆ ಬರಬಾರದು. ಗಾಡಿಗೆ ಹಾಕಿದ ಮೇಲೆ ಈ ಪರೀಕ್ಷೆ ಮೋಸ ಮಾಡುತ್ತದೆ, ಬಲ್ಬುಗಳ ಮೂಲಕ ಸುತ್ತಿ ಬಂದು ಎಲ್ಲೆಲ್ಲೂ ಬೀಪ್ ಅನ್ನುತ್ತದೆ.

ಕತ್ತರಿಸಲೇಬೇಕಾದರೆ

ಕಪ್ಲರ್ ಸಿಗದ ಗಾಡಿಗಳೂ ಇವೆ. ಆಗ ಬೆಸುಗೆಯೇ ಗತಿ. ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಕೀ ಆಫ್ ಮಾಡಿದೆ ಅಂತ ಬಿಡಬೇಡಿ. ಮತ್ತೆ ಎಲ್ಲ ವೈರನ್ನೂ ಒಟ್ಟಿಗೆ ಕತ್ತರಿಸಬೇಡಿ. ಒಂದು ಕತ್ತರಿಸಿ, ಸೇರಿಸಿ, ಮುಚ್ಚಿ, ಆಮೇಲೆ ಮುಂದಿನದು. ಕತ್ತರಿಸುವ ಜಾಗವೂ ಒಂದಕ್ಕೊಂದು ಒಂದು ಇಂಚು ಹಿಂದೆ ಮುಂದೆ ಇರಲಿ. ಗಂಟುಗಳು ಮೆಟ್ಟಿಲಿನ ಹಾಗೆ ಇಳಿದರೆ ಕಟ್ಟು ಊದಿಕೊಳ್ಳುವುದಿಲ್ಲ, ಒಂದರ ತಾಮ್ರ ಇನ್ನೊಂದಕ್ಕೆ ತಾಗುವ ಭಯವೂ ಇಲ್ಲ. ನನ್ನ ಅಂಬಡೆ ಹುಟ್ಟಿದ್ದು ಇದು ಗೊತ್ತಿಲ್ಲದೆ.

ಜಾಗ ಆರಿಸುವುದು ಹೀಗೆ. ಹ್ಯಾಂಡಲ್ ತಿರುಗಿಸುತ್ತಾ ವೈರ್ ಕಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಎಲ್ಲಿ ಮಡಚುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತಿನಿಂದ ಎರಡೂ ಕಡೆ ಮೂರು ಇಂಚಿನೊಳಗೆ ಜಾಯಿಂಟ್ ಬೇಡವೇ ಬೇಡ. ಕಾರಣ ಇಷ್ಟೇ: ಬೆಸುಗೆಗೆ ಕರಗಿಸುವ ಲೋಹ, ಅಂದರೆ ಸೋಲ್ಡರ್, ತಾಮ್ರದ ಎಳೆಗಳ ನಡುವೆ ಎಣ್ಣೆ ಬತ್ತಿಗೆ ಏರಿದ ಹಾಗೆ ಏರುತ್ತದೆ. ಅದು ಏರಿದಷ್ಟು ವೈರ್ ಗಟ್ಟಿ ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಮೆತ್ತನೆಯ ವೈರ್ ಶುರುವಾಗುವ ಅಂಚು ಮಡಚುವ ಜಾಗದಲ್ಲಿ ಬಂದರೆ, ಅಲ್ಲೇ ಎಳೆ ಎಳೆಯಾಗಿ ಮುರಿಯುತ್ತದೆ. ಹೊರಗೆ ಸ್ಲೀವ್ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಎರಡೇ ಎಳೆ ಉಳಿದಿರುತ್ತದೆ. ನನ್ನ ಹೆಡ್‌ಲೈಟ್ ಮಿಣುಕಿದ್ದೂ ಮಡಚುವ ಜಾಗದಲ್ಲಿ ಸಡಿಲವಾದ ಗಂಟಿನಿಂದಲೇ.

ಮೊದಲು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ತುಂಡು ವೈರಿಗೆ ಏರಿಸಿ ದೂರ ತಳ್ಳಿಡಿ. ಇದನ್ನು ಮರೆಯದವರು ಯಾರೂ ಇಲ್ಲ, ನೆನಪಾಗುವುದು ಬೆಸುಗೆ ಮುಗಿದ ಮೇಲೆ. ಎರಡೂ ತುದಿಯ ಪ್ಲಾಸ್ಟಿಕ್ ಮುಕ್ಕಾಲು ಇಂಚು ಸುಲಿಯಿರಿ. ತುದಿಗಳನ್ನು ಎದುರು ಬದುರು ಇಟ್ಟು ಗುಣಾಕಾರದ ಗುರುತಿನ ಹಾಗೆ ದಾಟಿಸಿ. ಇದರ ತುದಿಯನ್ನು ಅದರ ಮೈಮೇಲೆ, ಅದರ ತುದಿಯನ್ನು ಇದರ ಮೈಮೇಲೆ ನಾಲ್ಕೈದು ಸುತ್ತು ಸುತ್ತಿ. ಜಾಯಿಂಟ್ ನೇರ ಗೆರೆಯಲ್ಲಿ ಕೂರುತ್ತದೆ, ಯಾವ ತುದಿಯೂ ಪಕ್ಕಕ್ಕೆ ಚಾಚಿಕೊಳ್ಳುವುದಿಲ್ಲ. ಎರಡನ್ನೂ ಜೊತೆಗೆ ಹಿಡಿದು ಜುಟ್ಟಿನ ಹಾಗೆ ತಿರುಚುತ್ತೇವಲ್ಲ, ಅದರ ತುದಿಯೇ ಟೇಪ್ ಚುಚ್ಚಿ ಹೊರಬರುವುದು.

ಇನ್ನು ಕಾವು. ಬೆಸುಗೆ ಹಾಕುವ ಬಿಸಿ ಕಡ್ಡಿಯ ಮೊನೆಗೆ ಸೋಲ್ಡರ್ ತಾಗಿಸಿ ಹನಿ ಬೀಳಿಸಬೇಡಿ. ಕಡ್ಡಿಯನ್ನು ತಾಮ್ರದ ಕೆಳಗೆ ಒತ್ತಿ ಹಿಡಿದು, ಸೋಲ್ಡರನ್ನು ಮೇಲಿನಿಂದ ತಾಮ್ರಕ್ಕೇ ಮುಟ್ಟಿಸಿ. ಎರಡು ಮೂರು ಸೆಕೆಂಡಿನಲ್ಲಿ ತಾಮ್ರ ಅದನ್ನು ಹೀರಿಕೊಳ್ಳುತ್ತದೆ. ಸರಿಯಾದ ಬೆಸುಗೆ ಹೊಳೆಯುತ್ತದೆ, ಒಳಗಿನ ಎಳೆಗಳ ಗೆರೆ ಕಾಣುತ್ತಿರುತ್ತದೆ. ಮಂಕಾಗಿ ಗುಂಡಗೆ ಕೂತರೆ ಮೇಲೆ ಮೇಲೆ ಅಂಟಿದೆ ಅಂತ ಅರ್ಥ, ಮತ್ತೆ ಕಾಯಿಸಿ. ರೋಸಿನ್ ಒಳಗಿರುವ ಸೋಲ್ಡರ್ ತನ್ನಿ. ನಲ್ಲಿ, ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಹಚ್ಚಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ತಾಮ್ರ ಹಸಿರಾಗುತ್ತದೆ. ಹಳೇ ವೈರಿನ ತಾಮ್ರ ಕಪ್ಪಾಗಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ. ಇನ್ನರ್ಧ ಇಂಚು ಕತ್ತರಿಸಿ ಕೆಂಪು ತಾಮ್ರ ಬರುವವರೆಗೆ ಹೋಗಿ.

ಆರಿದ ಮೇಲೆ ಸ್ಲೀವ್ ಎಳೆದು ಕೂರಿಸಿ ಬಿಸಿಗಾಳಿ ಕೊಡಿ. ಹೇರ್ ಡ್ರೈಯರ್ ಕೆಲವಕ್ಕೆ ಸಾಲುತ್ತದೆ, ಕೆಲವಕ್ಕೆ ಸಾಲದು. ಬೆಂಕಿಕಡ್ಡಿಯಾದರೆ ದೂರದಿಂದ ಆಡಿಸಿ. ಒಳಗೆ ಅಂಟು ಇರುವ ಸ್ಲೀವ್ ಸಿಕ್ಕರೆ ದುಡ್ಡು ಜಾಸ್ತಿಯಾದರೂ ತನ್ನಿ, ತುದಿಯಲ್ಲಿ ಅಂಟು ಜಿನುಗಿ ನೀರಿಗೆ ದಾರಿ ಮುಚ್ಚುತ್ತದೆ. ಬರೀ ಟೇಪ್ ಯಾಕಾಗದು ಅಂದರೆ, ಹ್ಯಾಲೋಜನ್ ಬಲ್ಬಿನ ಡೂಮ್ ಒಳಗೆ ಒಲೆ ಇದ್ದ ಹಾಗೆ. ಗೋಂದು ಕರಗಿ ಟೇಪ್ ಜಾರುತ್ತದೆ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಇಂಜಿನ್ ಆನ್ ಇದ್ದಷ್ಟೂ ಹೊತ್ತು ಹೆಡ್‌ಲೈಟ್ ಉರಿಯುತ್ತಿರುತ್ತದೆ, ಹಗಲೂ ಬಿಡುವಿಲ್ಲ.

ಕೂರಿಸುವುದು

ವೈರುಗಳನ್ನೆಲ್ಲ ಸೇರಿಸಿ ಒಂದು ತೋಳಿನೊಳಗೆ, ಅಂದರೆ ವೈರ್ ಕಟ್ಟಿಗೆ ತೊಡಿಸುವ ಉದ್ದದ ಕೊಳವೆಯೊಳಗೆ, ಹಾಕಿ, ಹ್ಯಾಂಡಲ್ ಹೊರಗಿನಿಂದಲೇ ಇಳಿಸಿ. ಹ್ಯಾಂಡಲ್ ಕೊರೆದು ಒಳಗಿನಿಂದ ಕಳಿಸಿದರೆ ನೋಡಲು ಚೆಂದ ನಿಜ, ಆದರೆ ತೂತು ಕೊರೆದಲ್ಲಿ ಪೈಪಿನ ಬಲ ಕುಂದುತ್ತದೆ, ಅಂಚು ವೈರನ್ನು ಕೊಯ್ಯುತ್ತದೆ. ನಾನಂತೂ ಮಾಡುವುದಿಲ್ಲ. ಸ್ವಿಚ್ ಕೂರಲು ಇರುವ ಸಣ್ಣ ಮೊಳೆಗೆ ಹೊಸ ಹ್ಯಾಂಡಲ್ಲಿನಲ್ಲಿ ತೂತು ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ಇಲ್ಲದಿದ್ದರೆ ಮೊಳೆ ಉಜ್ಜಿಹಾಕುತ್ತಾರೆ, ಆಮೇಲೆ ಸ್ವಿಚ್ ಹ್ಯಾಂಡಲ್ ಸುತ್ತ ತಿರುಗುತ್ತದೆ.

ಎತ್ತರದ ಹ್ಯಾಂಡಲ್ ಮಳೆನೀರಿಗೆ ಜಾರುಬಂಡೆ ಇದ್ದ ಹಾಗೆ. ನೀರು ವೈರ್ ಗುಂಟ ಇಳಿದು ನೇರ ಕಪ್ಲರಿಗೆ ಹೋಗುತ್ತದೆ. ಡೂಮ್ ಒಳಗೆ ಹೋಗುವ ಮುಂಚೆ ವೈರ್ ಒಂದು ಇಂಚು ಕೆಳಗೆ ಜೋತು ಮತ್ತೆ ಮೇಲಕ್ಕೆ ಹೋಗಲಿ. ಹನಿ ಆ ತಗ್ಗಿನಲ್ಲೇ ಬಿದ್ದುಹೋಗುತ್ತದೆ. ಕಪ್ಲರಿಗೆ ಡೈಎಲೆಕ್ಟ್ರಿಕ್ ಗ್ರೀಸ್, ಇಲ್ಲದಿದ್ದರೆ ಚೂರು ವ್ಯಾಸಲೀನ್.

ಕೇಬಲ್ ಟೈ ಕತ್ತಿನ ಮೇಲೆ ಒಂದು, ಕೆಳಗೆ ಒಂದು. ನಡುವೆ ವೈರ್ ಸ್ವತಂತ್ರವಾಗಿ ಬಾಗಲಿ. ಉಗುರು ತೂರುವಷ್ಟು ಸಡಿಲ ಬಿಡಿ.

ಪರೀಕ್ಷೆ

ಬ್ಯಾಟರಿ ಜೋಡಿಸಿ. ನಿಂತ ಜಾಗದಲ್ಲೇ ಹ್ಯಾಂಡಲ್ ನೇರ, ಎಡ ಲಾಕ್, ಬಲ ಲಾಕ್, ಮೂರರಲ್ಲೂ ಒಂದೊಂದೇ ಸ್ವಿಚ್ ಒತ್ತಿ. ಬ್ರೇಕ್ ಲೈಟಿಗೆ ಹಿಂದೆ ಯಾರನ್ನಾದರೂ ನಿಲ್ಲಿಸಿ, ಇಲ್ಲವೇ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಕೆಂಪು ಬೀಳುತ್ತದಾ ನೋಡಿ. ಫ್ಯೂಸ್ ಹಾರಿದರೆ ತಪ್ಪು ಹುಡುಕಿ, ಫ್ಯೂಸ್ ಜಾಗಕ್ಕೆ ವೈರ್ ತುಂಡು ಸಿಕ್ಕಿಸಬೇಡಿ.

ಆಮೇಲೆ ಗೇರ್ ನ್ಯೂಟ್ರಲ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ಬಿಟ್ಟು ನಿಧಾನ ಎರಡೂ ಕಡೆ ಲಾಕ್‌ವರೆಗೆ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ, ಹಾಗೆ ರೋಡಿಗೆ ಇಳಿಸಬೇಡಿ. ಯೂ ಟರ್ನ್ ತೆಗೆಯುವಾಗ ಗಾಡಿ ತಾನೇ ಜಿಗಿಯುತ್ತದೆ.

ಓಡಿಸಿ ನೋಡಲು ನನಗೆ ಎರಡು ದಾರಿ ಇಷ್ಟ. ಅದುರುವಿಕೆಗೆ ಶ್ರೀರಂಗಪಟ್ಟಣದಿಂದ ಮಂಡ್ಯದ ಕಡೆ ಸರ್ವಿಸ್ ರೋಡು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಹೇಗೂ ಪ್ರವೇಶವಿಲ್ಲ, ಕೆಳಗಿನ ಹಂಪುಗಳು ಯಾವ ಸಡಿಲ ಜಾಯಿಂಟನ್ನೂ ಬಿಡುವುದಿಲ್ಲ. ತಿರುವಿಗೆ ಚಾಮುಂಡಿ ಬೆಟ್ಟ. ಮೊದಲ ಸಲ ಹಗಲಿನಲ್ಲೇ ಹೋಗಿ.

ಐನೂರು ಕಿಲೋಮೀಟರ್ ಆದ ಮೇಲೆ ಡೂಮ್ ಇನ್ನೊಮ್ಮೆ ಬಿಚ್ಚಿ. ತೋಳು ಎಲ್ಲಿಯಾದರೂ ಹೊಳಪಾಗಿ ಸವೆದಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ. ಟೈ ಬಿಚ್ಚಿ ದಾರಿ ಅರ್ಧ ಇಂಚು ಸರಿಸಿ ಮತ್ತೆ ಕಟ್ಟಿ. ನಾನು ಹೀಗೆ ಬಿಚ್ಚಿದಾಗ ಒಂದು ಕಡೆ ಸವೆದ ಗುರುತಿತ್ತು, ಸರಿಸಿದೆ. ಮುಂದಿನ ಭಾನುವಾರ ಮತ್ತೆ ಮೇಲುಕೋಟೆಗೆ ಹೋದೆ. ಅದೇ ತಿರುವಿನಲ್ಲಿ ಎಡಕ್ಕೆ ತಿರುಗಿಸುವಾಗ ಉಸಿರು ಬಿಗಿ ಹಿಡಿದಿದ್ದೆ. ಇಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.